ಹೆಸರಿಲ್ಲದ ನೂರು ಎಂಬಿ

1.
ಎಲ್ಲಿಂದ ಶುರು ಮಾಡಲಿ? ಕಂಪ್ಯೂಟರಿಗಾದರೆ ಈ ಚಿಂತೆಯಿಲ್ಲ. ಬಟನ್ ಒತ್ತಿದ ಕೂಡಲೇ ಹಾರ್ಡ್‌ಡಿಸ್ಕಿನ ಮೊದಲಲ್ಲಿರುವ ಒಂದು ಪುಟ್ಟ ಪಾಲಿಗೆ ಹೋಗಿ, ಎಚ್ಚರಾಗುವುದು ಹೇಗೆಂದು ಓದಿಕೊಂಡು ಎದ್ದು ಕೂರುತ್ತದೆ. ಆ ಪಾಲಿಗೆ ಬೂಟ್ ಪಾರ್ಟಿಷನ್ ಅಂತಾರೆ. ನನಗೆ ಅಂಥದ್ದಿಲ್ಲ. ಹಾಗಾಗಿ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಒಂದು ದಿನ...

(ಅಳಿಸಿದೆ. ಬಸ್‌ಸ್ಟ್ಯಾಂಡ್ ಬಂತೆಂದರೆ ಯಾರಾದರೂ ಇಳಿಯಲೇಬೇಕು. ನನ್ನ ಕಥೆಯ ಮೂವರೂ ಆಗಲೇ ಅಂಗಡಿಯೊಳಗಿದ್ದಾರೆ.)

2.
2006. ಗಜೇಂದ್ರಗಡದಲ್ಲಿ ಜಹೀದಾಳ ಫೋಟೋ ಸ್ಟುಡಿಯೋ, ಹೆಂಗಸರಿಗೆ ಮಾತ್ರ. ಬರುವ ಹುಡುಗಿಯರಿಗೆಲ್ಲ ಅವಳು ಕೊಡುವ ಮಾತು ಒಂದೇ: ನಿನ್ನ ಫೋಟೋ ನಿನ್ನ ಕೈಯಲ್ಲಿ, ಇಲ್ಲಾ ನನ್ನ ಕಂಪ್ಯೂಟರಿನಲ್ಲಿ, ಬೇರೆ ಯಾರಿಗೂ ಸಿಗುವುದಿಲ್ಲ. ಆ ಮಾತು ಹೋದರೆ ಸ್ಟುಡಿಯೋ ಹೋಯಿತು.

ಕಂಪ್ಯೂಟರಿಗೆ ವೈರಸ್ ಹೊಕ್ಕಿತ್ತು. ರೋಣದಿಂದ ರಿಪೇರಿಗೆ ಬಂದ ಬಸವಪ್ರಸಾದ ಡಿಸ್ಕ್ ಪೂರ್ತಿ ಒರೆಸಿ, ವಿಂಡೋಸ್ ಜೊತೆ, ವೈರಸ್ ಅಷ್ಟು ಸುಲಭಕ್ಕೆ ಹೊಗದ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಹಾಕಿ, ಮೊದಲೇ ಪ್ರತಿ ತೆಗೆದಿಟ್ಟ ಸೀಡಿಯಿಂದ ಫೋಟೋಗಳನ್ನು ವಾಪಸ್ ತುಂಬಿದ. ಇನ್ನೇನು ಮುಗಿಯಿತು ಅನ್ನುವಾಗ, ಡಿಸ್ಕಿನ ಪಾಲುಗಳನ್ನು ತೋರಿಸುವ ಪರದೆ ಜಹೀದಾಳ ಕಣ್ಣಿಗೆ ಬಿತ್ತು.

“ಪ್ರಸಾದ, ಈ ನೂರ್ ಎಂಬಿ ಯಾರದೋ? ಹೆಸರಿಲ್ಲ, ಗಿಸರಿಲ್ಲ.”

“ಬೂಟ್ ಪಾರ್ಟಿಷನ್ ರೀ ಅಕ್ಕಾರ. ಲಿನಕ್ಸ್ ಚಾಲೂ ಆಗಾಕ ಬೇಕ್ರಿ.”

“ವಿಂಡೋಸ್‌ದಾಗ ಕಾಣವಲ್ದಲ್ಲ?”

“ಅದರಾಗ ಕಾಣೂದಿಲ್ರಿ. ಲಿನಕ್ಸಿನ ಜೀವ, ಕರ್ನಲ್ ಅಂತ, ಅಲ್ಲೇ ಇರತೈತಿ.”

“ಕರ್ನಲ್ಲು? ಮಿಲ್ಟ್ರಿ ಸಾಹೇಬಾ? ಗಂಡಸರಿಗೆ ಪ್ರವೇಶ ಇಲ್ಲ ಅಂತ ಬೋರ್ಡ್ ಹಾಕೇನಿ. ಓದಾಕ ಬರೂದಿಲ್ಲೇನ್ ಅಂವಗ?”

ನರಗುಂದದ ಗಂಡಿನ ಕಡೆಯವರಿಗೆ ಕಳಿಸುವ ಫೋಟೋ ಒಯ್ಯಲು ಬಂದಿದ್ದ ಆಸಿಫಾ ಕಿಸಕ್ಕನೆ ನಕ್ಕಳು. ಜಹೀದಾ ನಗಲಿಲ್ಲ.

“ನೂರ್ ಎಂಬಿಯಾಗ ಎಷ್ಟ್ ಫೋಟೋ ಮುಚ್ಚಿಡಾಕ ಬರತಾವ?”

ಆಸಿಫಾಳ ನಗುವೂ ನಿಂತಿತು.

3.
(ಬಸವಪ್ರಸಾದ ನನ್ನ ಕಡೆ ತಿರುಗಿದ. “ಸರ್, ಬರಿಯಾವ್ರು ನೀವು, ನೀವರ ಹೇಳ್ರಿ. ನಾ ಕಳ್ಳ ಏನ್ರಿ?” ಇನ್ನೂ ತೀರ್ಮಾನ ಮಾಡಿಲ್ಲ ತಮ್ಮಾ, ಅಂದೆ. ಅನ್ನಬಾರದಿತ್ತು. ಜಹೀದಾ ಕೇಳಿಸಿಕೊಂಡಳು.)

4.
“ತಗದ್ ತೋರಸು.”

ಲಿನಕ್ಸ್ ಎದ್ದಿತು. ಬಸವಪ್ರಸಾದ ಆ ನೂರು ಎಂಬಿಯನ್ನು ತೆರೆದ. ಬಾಯಿಗೆ ಬಾರದ ಹೆಸರಿನ ನಾಕಾರು ಫೈಲು. ಪಕ್ಕದಲ್ಲೊಂದು ಫೋಲ್ಡರ್, ಮೇಲೆ ಬೀಗದ ಚಿತ್ರ. ಹೆಸರು ‘ಲಾಸ್ಟ್ ಅಂಡ್ ಫೌಂಡ್’.

“ಕಳದದ್ದು, ಸಿಕ್ಕಿದ್ದು,” ಆಸಿಫಾ ಬಿಡಿಸಿ ಹೇಳಿದಳು. “ಆಪಾ, ಏನ್ ಕಳದೈತಿ? ಯಾರಿಗೆ ಸಿಕ್ಕೈತಿ?”

ಜಹೀದಾ ಅದರ ಮೇಲೆ ಮೌಸ್ ಒತ್ತಿದಳು. ನಿಮಗೆ ಪರ್ಮಿಷನ್ ಇಲ್ಲ, ಎಂದಿತು ಕಂಪ್ಯೂಟರು.

“ನನ್ನ ಅಂಗಡಿ, ನನ್ನ ಮಷಿನ್, ನನಗ ಪರ್ಮಿಷನ್ ಇಲ್ಲ?”

“ಅದು ತಂತಾನ ಹುಟ್ಟತೈತ್ರಿ ಅಕ್ಕಾರ! ಕರೆಂಟ್ ಹೋಗಿ ಫೈಲ್ ಒಡದ್ರ ಚೂರು ಅಲ್ಲಿ ಬಂದ್ ಬೀಳತಾವ. ಈಗ ಖಾಲಿ ಐತ್ರಿ, ಆಣಿ ಮಾಡ್ತೀನಿ.”

“ಖಾಲಿ ಖೋಲಿಗೆ ಯಾರ್ ಕೀಲಿ ಹಾಕ್ತಾರೋ?”

(ಕಥೆ ಶುರು ಮಾಡುವಾಗ ಈ ಹುಡುಗನನ್ನು ಪೂರ್ತಿ ನಂಬಿದ್ದೆ. ಈಗ ಅವನ ಬೆರಳುಗಳನ್ನೇ ನೋಡುತ್ತಿದ್ದೇನೆ.)

5.
ಮುಕ್ತಾಯ ಒಂದು: ಬಸವಪ್ರಸಾದನೇ ತಾನಿಟ್ಟ ಪಾಸ್‌ವರ್ಡ್ ಹೊಡೆದು ತೆರೆಯುತ್ತಾನೆ, ಖಾಲಿ, ಎಲ್ಲರೂ ಚಹಾ ಕುಡಿಯುತ್ತಾರೆ. ಜಹೀದಾ ಒಪ್ಪಲಿಲ್ಲ. “ಕೀಲಿ ಅಂವನ ಕೈಯಾಗ ಇದ್ರ, ಇವತ್ತ ಖಾಲಿ. ನಾಳೆ?”

ಮುಕ್ತಾಯ ಎರಡು: ಆ ನೂರು ಎಂಬಿಯನ್ನೇ ಅಳಿಸಿಬಿಡುವುದು. ಬಸವಪ್ರಸಾದ ಹೌಹಾರಿದ. “ಸರ್, ಮಷಿನ್ ಏಳೂದಿಲ್ರಿ!”

ಮುಕ್ತಾಯ ಮೂರಕ್ಕೆ ಪೆನ್ನು ಎತ್ತಿದ್ದೆ (ಸುಳ್ಳು, ನಾನು ಟೈಪ್ ಮಾಡುವವನು). ಆಸಿಫಾ ತಡೆದಳು. “ಆಪಾ, ಅದರಾಗ ಏನರ ಇದ್ರ ಅದು ನನ್ನ ಮಾರಿ. ಈ ಗಂಡಸರಿಬ್ಬರ ಮಾತು ಯಾಕ ಕೇಳ್ತೀರಿ? ಕೀಲಿ ನೀವ ಇಟಗೊಳ್ರಿ.”

6.
ಬಸವಪ್ರಸಾದ ಹಳೆಯ ಪಾಸ್‌ವರ್ಡ್ ಹೊಡೆದು, ಹೊಸದು ಹಾಕುವಲ್ಲಿಗೆ ತಂದು, ಫೋಲ್ಡರ್ ತೆರೆಯುವುದು ಹೇಗೆಂದು ಹೇಳಿಕೊಟ್ಟು ಎದ್ದ. ಜಹೀದಾ ಕೂತಳು.

“ಗ್ವಾಡಿ ಕಡೆ ಮಾರಿ ಮಾಡು.”

ಅವನು ತಿರುಗಿದ.

“ಬರಿಯಾಂವಾ, ನೀನೂ.”

“ನಾನೂ ನೋಡದಿದ್ದರೆ ಓದುವವರಿಗೆ ಹೇಳುವುದೇನು?”

“ಅವರೂ ಗ್ವಾಡಿ ನೋಡ್ಲಿ.”

ಹಾಗಾಗಿ ನಮ್ಮೆಲ್ಲರ ಮುಂದೆ ಈಗ ಬರೀ ಗೋಡೆ. ಬೆನ್ನ ಹಿಂದೆ ಕೀಬೋರ್ಡಿನ ಸದ್ದು, ನಿಧಾನವಾಗಿ, ಒಂದೊಂದೇ ಅಕ್ಷರ. ಆಮೇಲೆ ಮೌಸಿನ ಟಿಕ್ ಟಿಕ್. ತೆರೆದಿರಬೇಕು. ಜಹೀದಾಳ ಪಕ್ಕ ನಿಂತಿದ್ದ ಆಸಿಫಾ ಉಸಿರೆಳೆದುಕೊಂಡಳು, ಏನೋ ಕಂಡೋ, ಏನೂ ಕಾಣದೆಯೋ. ನನ್ನ ಪಕ್ಕದಲ್ಲಿ ಬಸವಪ್ರಸಾದನ ಕಿವಿಯ ಹಿಂದಿನಿಂದ ಬೆವರು ಇಳಿಯುತ್ತಿದೆ; ಸೆಕೆಗೆ ಎಂದು ಬರೆಯಬಹುದು, ಬರೆಯಲಾರೆ.

“ಅಕ್ಕಾರ, ತಿರಗಲೇನ್ರಿ?”

“ತಡಿ.”