ಮಹಿಳೆಯರು ಎಂದು ಬರೆದ ಬಾಗಿಲು

ಗೋಡೆಗೆ ಮುಖ ಮಾಡಿ ನಿಂತ ಗಂಡಸಿನ ಬೆನ್ನು, ಅವನ ತಲೆಯ ಮೇಲೆ ಹಸಿರು ಬಣ್ಣದ ದೊಡ್ಡ ಅಕ್ಷರಗಳಲ್ಲಿ ಸ್ವಚ್ಛ ಊರು ನಮ್ಮ ಹೆಮ್ಮೆ, ಹೆಮ್ಮೆಯ ಕೆಳಗೆ ಗೋಡೆ ಒದ್ದೆ, ಅವನಿಗೇನೂ ಅವಸರವಿಲ್ಲ, ಕತ್ತು ತಿರುಗಿಸಿ ಬಸ್ಸಿನಿಂದ ಇಳಿದವರನ್ನು ನೋಡುತ್ತಾನೆ, ನನ್ನನ್ನು, ಅತ್ತೆಯನ್ನು, ಖಾಲಿ ಮೀನಿನ ಬುಟ್ಟಿಗಳನ್ನು, ನೋಡಿ ಮುಗಿದ ಮೇಲೆ ಮತ್ತೆ ಗೋಡೆಗೆ ತಿರುಗುತ್ತಾನೆ — ಮುಗಿಸು ಮಹಾರಾಯ, ಊರೆಲ್ಲ ನಿನ್ನದೇ. ಅತ್ತೆ ನನ್ನ ಮೊಣಕೈ ಹಿಡಿದಿದ್ದಾರೆ, ಪ್ರೀತಿಗಲ್ಲ, ಬೀಳದಿರಲು ಏನಾದರೊಂದು ಹಿಡಿದುಕೊಳ್ಳಬೇಕು, ಕಂಬ ಸಿಕ್ಕಿದ್ದರೆ ಕಂಬವನ್ನೇ ಹಿಡಿಯುತ್ತಿದ್ದರು. ಬೆರಳು ಬಿಗಿಯಾಗುತ್ತಿದೆ. ಎಲ್ಲಾದ್ರೂ ಜಾಗ ಇದೆಯಾ ನೋಡೇ, ತಡೆಯೋಕಾಗ್ತಿಲ್ಲ. ಸಕ್ಕರೆ ಕಾಯಿಲೆಯವರು, ಬಸ್ಸು ಹತ್ತುವ ಮುಂಚೆ ಹೇಳಿದೆ, ನೀರು ಕುಡಿಯಬೇಡಿ ಅತ್ತೆ, ಆ ಊರಿನಲ್ಲಿ ಹೆಂಗಸರಿಗೆ ಏನೂ ಇಲ್ಲ ಅಂತ, ನಿನಗೆ ಹೇಗೆ ಗೊತ್ತು ಅಂದರು. ನನಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು. ನಾನೀಗ ಮನೆ ಬಿಟ್ಟು ಹೊರಟರೆ ಹಿಂದಿನ ರಾತ್ರಿಯಿಂದಲೇ ನೀರು ಮುಟ್ಟುವುದಿಲ್ಲ, ನಾಲಿಗೆ ಚರ್ಮದ ಹಾಗೆ ಒಣಗಿ ಬಾಯಲ್ಲಿ ಬಿದ್ದಿರುತ್ತದೆ, ಇರಲಿ. ಆ ಜಾಗ ಒಂದು ಸಲ ತೋರಿಸಿಬಿಡು, ಆಮೇಲೆ ನಿನ್ನ ಏನೂ ಕೇಳಲ್ಲ ಅಂತ ಅತ್ತೆ ವರ್ಷವಿಡೀ ಕೇಳಿದರು, ಅನ್ನ ಬಡಿಸುವಾಗ, ಬಟ್ಟೆ ಮಡಚುವಾಗ, ನನ್ನ ಮಗ ಆ ಕಲ್ಲಿನ ಮೇಲೆ ಏನು ಮಾಡ್ತಿದ್ದ, ಅಷ್ಟು ಹೇಳು. ಅಷ್ಟು ಹೇಳಲು ನನಗೆ ಬಾಯಿ ಬರಲಿಲ್ಲ. ಇವತ್ತು ಕಲ್ಲಿನ ಎದುರಿಗೇ ನಿಲ್ಲಿಸಿ ಕೇಳುತ್ತಾರೆ, ಅದಕ್ಕೇ ಬಂದಿದ್ದಾರೆ.

ಮೊದಲು ಲಾಡ್ಜು, ಒಳಗೆ ಫಿನಾಯಿಲ್ ವಾಸನೆ, ಅಂದರೆ ಇದೆ, ಇದ್ದೇ ಇದೆ, ಆದರೆ ಮೇಜಿನ ಹಿಂದಿನವನು ತಲೆಯೆತ್ತದೆ ರೂಮು ತಗೊಂಡವರಿಗೆ ಮಾತ್ರ ಮೇಡಂ, ವಯಸ್ಸಾದವರು, ಎರಡೇ ನಿಮಿಷ ಎಂದೆ, ಎಲ್ಲರಿಗೂ ಎರಡೇ ನಿಮಿಷ ಮೇಡಂ, ಹೀಗೆ ಬಿಡ್ತಾ ಹೋದ್ರೆ ನಾನು ಲಾಡ್ಜ್ ನಡೆಸ್ಬೇಕೋ ಅದನ್ನ ನಡೆಸ್ಬೇಕೋ, ಅವನ ಹಿಂದೆ ಕುಳಿತವನೊಬ್ಬ ಕಿಸಕ್ಕನೆ ನಕ್ಕ. ಔಷಧಿ ಅಂಗಡಿಯವಳು ಹೆಂಗಸು, ಒಂದು ಕ್ಷಣ ಆಸೆ ಹುಟ್ಟಿತು, ಅವಳು ಅತ್ತೆಯನ್ನು ಕಾಲಿನಿಂದ ತಲೆಯವರೆಗೆ ನೋಡಿ, ಅಯ್ಯೋ ಅಜ್ಜಿ, ನಾನೇ ಬೆಳಿಗ್ಗೆ ಮನೇಲಿ ಮುಗಿಸ್ಕೊಂಡು ಬಂದ್ರೆ ಮತ್ತೆ ಸಂಜೆಗೇ, ಎಂದಳು, ಹೆಮ್ಮೆಯಿಂದಲೇ ಅಂದಳು, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ. ದೋಣಿ ರಿಪೇರಿಯ ಶೆಡ್ಡಿನ ನೆರಳಲ್ಲಿ ಬಲೆ ಹೊಲಿಯುತ್ತ ಕೂತ ಗಂಡಸರು, ಏನ್ ಹುಡುಕ್ತಿದೀರಿ ತಾಯಿ, ಅತ್ತೆ ನಾಚಿಕೆ ಬಿಟ್ಟು ಕೇಳಿಯೇಬಿಟ್ಟರು, ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಎದುರಿಗೆ ಇಷ್ಟು ದೊಡ್ಡದು ಇಟ್ಕೊಂಡು ಹುಡುಕ್ತಿದೀರಲ್ಲಾ ಅಂತ ಒಬ್ಬ ಸೂಜಿಯಿಂದ ಸಮುದ್ರ ತೋರಿಸಿದ, ಬಾಗಿಲೂ ಇಲ್ಲ, ಬಾಡಿಗೆನೂ ಇಲ್ಲ. ಎಲ್ಲರೂ ನಕ್ಕರು. ಹೋದ ವರ್ಷವೂ ಇದೇ ಜೋಕು, ಇದೇ ಶೆಡ್ಡು, ಬಹುಶಃ ಇದೇ ಬಾಯಿ, ನನ್ನ ಗಂಡನೂ ಅವರ ಜೊತೆ ನಕ್ಕಿದ್ದ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿ, ಇರು, ನಾನೇ ಏನಾದ್ರೂ ಮಾಡ್ತೀನಿ, ನೀನಿಲ್ಲೇ ನಿಂತಿರು, ಎಂದು ಹೊರಟ, ಗಂಡಸಿಗೆ ಒಂದು ಕೆಲಸ ಸಿಕ್ಕ ಖುಷಿ ಅವನ ನಡಿಗೆಯಲ್ಲಿತ್ತು — ದೂರದಲ್ಲಿ ಕಲ್ಲುಗಳ ಮೇಲೆ ಕೈ ಮೇಲೆತ್ತಿದ, ಮುಷ್ಟಿಯಿಂದ ಹಗ್ಗ, ಹಗ್ಗದ ತುದಿಗೆ ಏನೋ ತೂಗುತ್ತಿತ್ತು — ಬೇಡ, ಈಗ ಬೇಡ.

ಇದೆಯಲ್ಲಾ ಅಲ್ಲಿ, ಅತ್ತೆ ಕೈ ತೋರಿಸುತ್ತಾರೆ, ಬರೆದಿದೆ ನೋಡು. ಮರಳಿನ ಅಂಚಿಗೆ ಹಳದಿ ಕಟ್ಟಡ, ಒಂದು ಬದಿ ಪುರುಷರು, ಅಲ್ಲಿ ಬಾಗಿಲೇ ಇಲ್ಲ, ಇನ್ನೊಂದು ಬದಿ ಮಹಿಳೆಯರು, ಜಡೆ ಹಾಕಿಕೊಂಡ ಹೆಂಗಸಿನ ಚಿತ್ರ, ತುಟಿಗೆ ಕೆಂಪು ಬಣ್ಣ ಬೇರೆ, ಅವಳ ಹೊಟ್ಟೆಯ ನೇರಕ್ಕೆ ಬೀಗ. ಅದೇ ಬೀಗ. ಹೋದ ವರ್ಷ ನಾನು ಇಲ್ಲಿ ನಿಂತಿದ್ದೆ, ಈ ಮೆಟ್ಟಿಲಿನ ಪಕ್ಕ, ಕಾಲು ಹೆಣೆದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಒತ್ತಡ, ಆ ಹೊತ್ತಿಗೆ ನನಗೆ ಲೋಕದಲ್ಲಿ ಇನ್ನೇನೂ ಬೇಕಿರಲಿಲ್ಲ. ಬೀಗದಕೈ ಆಚೆ ದಡದ ಚಹಾ ಅಂಗಡಿಯಲ್ಲಿ ಇಟ್ಟಿರುತ್ತಾರಂತೆ, ರಸ್ತೆ ಹಿಡಿದರೆ ದೋಣಿ ನಿಲ್ಲುವ ಜಾಗ ಸುತ್ತಿಕೊಂಡು ಹೋಗಬೇಕು, ಅಲೆ ತಡೆಯಲು ಸುರಿದ ಕಲ್ಲುಗಳ ಮೇಲೆ ಬಂದರೆ ನೇರ. ಹೋಗುವಾಗ ಅವನು ರಸ್ತೆಯಲ್ಲಿ ಹೋದ. ಬರುವಾಗ ನನಗಾಗಿ ನೇರ ಬಂದ. ಅರ್ಧ ದಾರಿಯಲ್ಲಿ ನಿಂತು ಕೈ ಮೇಲೆತ್ತಿ ತೋರಿಸಿದ, ಸಿಕ್ತು, ಸಿಕ್ತು, ಮುಷ್ಟಿಯಿಂದ ಇಳಿದ ಹಗ್ಗದಲ್ಲಿ ಬೀಗದಕೈ, ಜೊತೆಗೆ ಬಲೆಗೆ ಕಟ್ಟುವ ಸೀಸದ ಗುಂಡು, ಅದು ಗಡಿಯಾರದ ಲೋಲಕದ ಹಾಗೆ ಆ ಕಡೆ ಈ ಕಡೆ. ಅಲೆ ದೊಡ್ಡದೇನೂ ಇರಲಿಲ್ಲ. ಅವನು ಕಾಣದಾದಾಗ ನನ್ನ ಮೈ ನನ್ನ ಮಾತು ಕೇಳಲಿಲ್ಲ, ನಿಂತಲ್ಲೇ ಎಲ್ಲ ಹರಿದುಹೋಯಿತು, ಓಡಿ ಬಂದವರು ಕಾಲಡಿಯ ಒದ್ದೆಯನ್ನು ಸಮುದ್ರದ ನೀರೆಂದುಕೊಂಡರು. ಪೊಲೀಸಿನವನು ಕೇಳಿದ, ಫೋಟೊ ತೆಗೀತಿದ್ರಾ, ನಾನು ತಲೆಯಲ್ಲಾಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ತಿಳಿಯದು, ಅವನು ಹೌದೆಂದು ಬರೆದುಕೊಂಡ. ಪತ್ರಿಕೆಯಲ್ಲಿ ಸೆಲ್ಫಿ ಹುಚ್ಚಿಗೆ ಇನ್ನೊಂದು ಬಲಿ. ಓದಿದವರೆಲ್ಲ ಚ್ಚು ಚ್ಚು ಎಂದರು, ಈಗಿನ ಹುಡುಗರೇ ಹೀಗೆ ಎಂದರು, ಅವನ ಸೋದರಮಾವ ನನ್ನೆದುರೇ ಬುದ್ಧಿ ಬೇಡ್ವಾ ಎಂದ. ನಾನು ಬಾಯಿ ಬಿಡಲಿಲ್ಲ. ಹುಚ್ಚನಾಗಿ ಸತ್ತರೆ ಮರ್ಯಾದೆ, ಹೆಂಡತಿಯ ಉಚ್ಚೆಗಾಗಿ ಸತ್ತ ಎಂದರೆ ಆ ಮನೆಯಲ್ಲಿ ನನ್ನ ತಟ್ಟೆ ಎಲ್ಲಿಡುತ್ತಿದ್ದರು?

ಬೀಗದಕೈ ಯಾರ ಹತ್ರ ಇರುತ್ತೆ ಕೇಳು, ಎನ್ನುತ್ತಾರೆ ಅತ್ತೆ. ನೀವು ಇಲ್ಲೇ ನಿಂತಿರಿ ಎನ್ನಲು ಬಾಯಿ ತೆರೆದೆ, ಆ ಮಾತನ್ನು ಈ ಮೆಟ್ಟಿಲಿನ ಪಕ್ಕ ಇನ್ನು ಯಾರಿಗೂ ಹೇಳಲಾರೆ, ಬನ್ನಿ ಇಬ್ಬರೂ ಹೋಗೋಣ ಎಂದೆ, ರಸ್ತೆಯಲ್ಲಿ, ಸುತ್ತು ದಾರಿಯಲ್ಲಿ, ಹೆಜ್ಜೆ ಹೆಜ್ಜೆಗೂ ಅವರ ಬೆರಳು ನನ್ನ ಮಾಂಸದಲ್ಲಿ. ಮಂಜುಗಡ್ಡೆ ಕಾರ್ಖಾನೆ, ಡೀಸೆಲ್ ಪೀಪಾಯಿ, ಮೀನಿನ ಹೊಟ್ಟೆ ಸೀಳುವ ಹೆಂಗಸರು, ಇವರೆಲ್ಲ ಎಲ್ಲಿಗೆ ಹೋಗುತ್ತಾರೆ, ಕೇಳಿದರೆ ಕತ್ತಿ ನಿಲ್ಲಿಸದೆ ಒಬ್ಬಳು, ನಾವು ಕತ್ತಲೆಯವರು ಅಕ್ಕ, ಕತ್ತಲಾಗೋವರೆಗೂ ಹಲ್ಲು ಕಚ್ಚೋದೇ ಎಂದಳು. ಚಹಾ ಅಂಗಡಿಯವನಿಗೆ ಹೊಟ್ಟೆ ಬಂದಿದೆ, ಗುರುತು ಹಿಡಿಯುತ್ತಾನೇನೋ ಎಂದು ಹೆದರಿದೆ, ಹಿಡಿಯಲಿಲ್ಲ, ಅವನು ಆ ದಿನ ಈಚೆ ದಡಕ್ಕೆ ಬಂದೇ ಇರಲಿಲ್ಲವೇನೋ. ಕೀ ಇಲ್ಲ ಅಜ್ಜಿ, ಎಂದ, ಹಾಲು ಮೇಲಿಂದ ಕೆಳಗೆ ಸುರಿಯುತ್ತ, ಅದೊಂದು ದೊಡ್ಡ ಕತೆ. ನನಗೆ ಗೊತ್ತಾಯಿತು ಏನು ಬರುತ್ತದೆಂದು, ಅತ್ತೆಯ ತೋಳು ಎಳೆದೆ, ಹೋಗೋಣ, ಅವರು ಅಲುಗಲಿಲ್ಲ, ಅವನಿಗೆ ಕೇಳುವ ಕಿವಿ ಸಿಕ್ಕಿತ್ತು. ಹೋದ ವರ್ಷ ಒಬ್ಬ ಬಂದಿದ್ದ, ಹೆಂಡ್ತಿಗೆ ಅರ್ಜೆಂಟು ಕೀ ಕೊಡಿ ಅಣ್ಣಾ ಅಂತ, ಅಲ್ಲ, ಪಂಚಾಯ್ತಿ ಆಫೀಸಿನವರು ಆ ಕೀ ನನ್ನ ಹತ್ರ ಕೊಟ್ಟಾಗಿಂದ ಒಂದು ಹೆಂಗಸೂ ಬಂದು ಕೇಳಿದ್ದಿಲ್ಲ, ಇವನೇ ಮೊದಲು, ಕಲ್ಲಿನ ಮೇಲೆ ಹೋಗಬೇಡಪ್ಪಾ, ಪಾಚಿ ಇದೆ ಅಂದೆ, ಪಾಪ ಅವಳು ನಿಂತಿದಾಳೆ ಅಣ್ಣಾ ಅಂದ, ಹೋದ, ಕೀ ಸಮೇತ ಹೋದ. ಹೆಣ ಸಿಕ್ತು, ಕೀ ಸಿಗಲಿಲ್ಲ. ಇನ್ನೊಂದು ಮಾಡಿಸಿ ಅಂತ ಆಫೀಸಿಗೆ ಹೇಳ್ತಾನೇ ಇದೀನಿ. ಪೇಪರ್‌ನವರು ಏನೇನೋ ಬರೆದ್ರು ಬಿಡಿ. ಒಂದು ಮೂತ್ರಕ್ಕೆ ಒಂದು ಜೀವ ಅಜ್ಜಿ, ಹೆಂಡ್ತಿ ಅಂದ್ರೆ ಹಾಗಿರ್ಬೇಕು ನೋಡಿ, ಎಂದು ನಕ್ಕು, ಚಹಾ ಎಷ್ಟು ಕೊಡ್ಲಿ ಎಂದ. ಪಾಪ ಅವಳು ನಿಂತಿದಾಳೆ. ಆ ಮಾತು ನನಗೆ ಯಾರೂ ತಲುಪಿಸಿರಲಿಲ್ಲ. ಅತ್ತೆ ನನ್ನ ಮೊಣಕೈ ಬಿಟ್ಟರು.

ಬಿಟ್ಟು ತಾವೇ ನಡೆದರು, ನಾನು ಹಿಂದೆ, ಅವರ ಬಟ್ಟೆಯ ಹಿಂಭಾಗದಲ್ಲಿ ಅಂಗೈಯಗಲ ಒದ್ದೆ ಕಾಣಿಸಿಕೊಂಡಿದೆ, ಅದು ಅವರಿಗೂ ತಿಳಿದಿದೆ, ಮುಚ್ಚಿಕೊಳ್ಳುತ್ತಿಲ್ಲ. ಈಗ ಬೈಯುತ್ತಾರೆ, ಈಗ, ಮಂಜುಗಡ್ಡೆ ಕಾರ್ಖಾನೆ ದಾಟಿದ ಮೇಲೆ, ಮೀನಿನವರು ಕಣ್ಣಿಂದ ಮರೆಯಾದ ಮೇಲೆ, ನನ್ನ ಮಗನನ್ನ ನುಂಗಿದೆ ಎನ್ನಲಿ, ಮನೆಗೆ ಬರಬೇಡ ಎನ್ನಲಿ, ಬೇಕಾದ್ದೆಲ್ಲ ಎನ್ನಲಿ, ನನಗೂ ಹೇಳುವುದಿದೆ, ನಾನು ಹೋಗು ಎಂದಿರಲಿಲ್ಲ, ಕಲ್ಲಿನ ಮೇಲೆ ಬಾ ಎಂದಿರಲಿಲ್ಲ, ಬೀಗ ಹಾಕಿದವರನ್ನು ಕೇಳಿ, ಸೂಜಿಯಲ್ಲಿ ಸಮುದ್ರ ತೋರಿಸುವವರನ್ನು ಕೇಳಿ, ನನ್ನ ಮೈಯಲ್ಲಿ ನೀರಿದ್ದದ್ದು ನನ್ನ ತಪ್ಪೇ — ಎಲ್ಲ ನಾಲಿಗೆಯ ತುದಿಯಲ್ಲಿ ಜೋಡಿಸಿಟ್ಟುಕೊಂಡೆ. ಅವರು ತಿರುಗದೆ ಅಂದರು, ಫೋನು ಒಣಗಿತ್ತು. ಏನತ್ತೆ? ಅವನ ಫೋನು. ನಿನ್ನ ಬ್ಯಾಗಿನಿಂದ ತೆಗೆದು ಕೊಟ್ಟೆಯಲ್ಲ, ಗೀರು ಕೂಡ ಬಿದ್ದಿರಲಿಲ್ಲ. ಫೋಟೊ ಯಾವುದ್ರಲ್ಲಿ ತೆಗೆದ ಅಂತ ನಾನು ಅವತ್ತೇ ಅಂದ್ಕೊಂಡೆ. ಮತ್ತೆ ಯಾಕೆ ಕೇಳ್ಲಿಲ್ಲ ಅತ್ತೆ? ವರ್ಷಪೂರ್ತಿ ಇನ್ನೇನು ಕೇಳ್ತಿದ್ದೆ, ನೀನ್ಯಾಕೆ ಹೇಳ್ಲಿಲ್ಲ? ಹೇಳಿದ್ರೆ ಏನಂತಿದ್ರಿ? ಅವರು ನಿಂತರು, ಉಸಿರು ಎಳೆದುಕೊಂಡರು. ಕೊಂದುಹಾಕ್ತಿದ್ದೆ ನಿನ್ನ, ಎಂದರು. ತಮಾಷೆಗೆ ಅಲ್ಲ. ಮತ್ತೆ ನಡೆದರು.

ಹಳದಿ ಕಟ್ಟಡ, ಕೆಂಪು ತುಟಿಯ ಹೆಂಗಸು. ಅತ್ತೆ ಬಾಗಿದರು, ಎರಡು ಕೈಯಲ್ಲಿ ಕಲ್ಲೊಂದನ್ನು ಎತ್ತಿದರು, ಬೇಡಿ ಅತ್ತೆ, ಕೊಡಿ ಇಲ್ಲಿ, ಕೊಡಲಿಲ್ಲ, ಬೀಗದ ಮೇಲೆ ಹಾಕಿದರು. ಒಂದೇ ಏಟು. ಬೀಗ ಮುರಿಯಲಿಲ್ಲ, ಬೀಗದ ಮೈಗೆ ಏನೂ ಆಗಲಿಲ್ಲ, ಉಪ್ಪುಗಾಳಿಗೆ ಬಾಗಿಲಿನ ಮರವೇ ಒಳಗಿನಿಂದ ಲಡ್ಡಾಗಿತ್ತು, ಚಿಲಕ ಮೊಳೆಗಳ ಸಮೇತ ಹಳೆಯ ಹಲ್ಲಿನ ಹಾಗೆ ಕಿತ್ತು ಬಂತು. ಶೆಡ್ಡಿನಿಂದ ಯಾರೋ ಏಯ್ ಏಯ್ ಎಂದರು. ಬಾಗಿಲು ತೆರೆಯಿತು. ಒಳಗೆ ಮರಳು. ನೆಲ ಹಾಕಿಲ್ಲ, ಗುಂಡಿ ತೋಡಿಲ್ಲ, ಗೋಡೆಯಿಂದ ಹೊರಬಂದ ಕೊಳವೆಯ ಬಾಯಿಗೆ ಚಿಂದಿ ತುರುಕಿದೆ, ಮೂಲೆಯಲ್ಲಿ ಗಟ್ಟಿಯಾದ ಸಿಮೆಂಟ್ ಮೂಟೆಗಳು, ಅದಕ್ಕೆ ಒರಗಿಸಿಟ್ಟ ಕಕ್ಕಸಿನ ಬಿಳಿಯ ಬೇಸಿನ್ನು, ಅಂಗಡಿಯಿಂದ ತಂದ ಪ್ಲಾಸ್ಟಿಕ್ಕನ್ನೂ ಬಿಚ್ಚಿಲ್ಲ, ಒಳಗೆ ತುಂಬಿದ ಒಣಹುಲ್ಲು ಹಾಗೇ ಇದೆ. ಅದಕ್ಕೇ ಇಲ್ಲಿನ ಒಂದು ಹೆಂಗಸೂ ಬೀಗದಕೈ ಕೇಳಿರಲಿಲ್ಲ. ಅವನು ಕಲ್ಲುಗಳನ್ನು ದಾಟಿ ಬಂದಿದ್ದರೂ, ನಗುತ್ತ ಬೀಗ ತೆಗೆದಿದ್ದರೂ. ಇದಕ್ಕಾ, ಎಂದರು ಅತ್ತೆ, ಇನ್ನೊಂದು ಸಲ, ಇದಕ್ಕಾ, ಮೊದಲ ಸಲ ಬೇಸಿನ್ನಿಗೆ, ಎರಡನೆಯ ಸಲ ನನಗೆ, ಅವರ ಕಣ್ಣು ನನ್ನ ಮೇಲೆ ನಿಂತಿತು, ಅದರಲ್ಲಿ ಕ್ಷಮೆ ಗಿಮೆ ಏನೂ ಇರಲಿಲ್ಲ, ಆದರೆ ನಿಂತಿತು, ವರ್ಷದಲ್ಲಿ ಮೊದಲ ಸಲ. ಶೆಡ್ಡಿನ ಗಂಡಸರು ಎದ್ದು ಬರುತ್ತಿದ್ದಾರೆ, ಯಾರ್ರೀ ಅದು, ಸರ್ಕಾರಿ ಬಾಗಿಲು ಮುರೀತೀರಾ. ಅತ್ತೆ ಮರಳಿನೊಳಗೆ ಕಾಲಿಟ್ಟರು, ಬಟ್ಟೆ ಎತ್ತಿಕೊಳ್ಳತೊಡಗಿದರು. ಬಾಗಿಲು ಹಿಡ್ಕೋ. ಒಬ್ಬನನ್ನೂ ಬಿಡಬೇಡ. ಕೊಳೆತ ಬಾಗಿಲನ್ನು ಎಳೆದು ಅದಕ್ಕೆ ಬೆನ್ನು ಕೊಟ್ಟು ನಿಂತೆ, ಬನ್ನಿ, ಬನ್ನಿ ನೋಡೋಣ, ಎಂದೆ ಅವರಿಗೆ, ನನ್ನ ದನಿಯೇ ಅದು, ಬರುತ್ತಿದ್ದವರು ಮರಳಿನ ನಡುವೆ ನಿಂತುಬಿಟ್ಟರು, ಸೂಜಿಯವನು ಕೂಡ. ಬೆನ್ನಿನ ಹಿಂದೆ ಒಣ ಮರಳಿನ ಮೇಲೆ ನೀರು ಬೀಳುವ ಸದ್ದು, ನಿಲ್ಲುತ್ತಿಲ್ಲ, ಅದರೊಳಗೆ ಅವರ ದನಿ, ಯಾರಾದ್ರೂ ಬರ್ತಿದಾರಾ, ಇಲ್ಲ ಅತ್ತೆ, ಸರಿಯಾಗಿ ನೋಡು, ನೋಡ್ತಿದೀನಿ, ನಿಂತ ಗಂಡಸರ ತಲೆಗಳ ಆಚೆ ಕಲ್ಲುಗಳು, ಕಪ್ಪು ಒದ್ದೆ ಕಲ್ಲುಗಳು, ಅರ್ಧ ದಾರಿಯಲ್ಲಿ ಕೈ, ಮೇಲೆತ್ತಿದ ಕೈ, ಹಗ್ಗದ ತುದಿಯ ಸೀಸದ ಗುಂಡು ಆ ಕಡೆ, ಈ ಕಡೆ, ಕೈ, ಆ ಕಡೆ —