ಹೊಸ್ತಿಲ ಮೇಲಿನ ಒಡಪು

ನನಗೊಂದು ಕೆಟ್ಟ ಚಟವಿದೆ, ಕೇಳುವ ಚಟ. ಬೆಟಗೇರಿಯ ನನ್ನ ಅಂಗಡಿಗೆ ಬಂದು ಯಾರಾದರೂ ಗೋಡೆಗೆ ಹಾಕಲು ಒಂದು ಫಲಕ ಬರೆದುಕೊಡು ಅಂದರೆ, ಆ ಮಾತಿನ ಹಿಂದೇನಿದೆ ಎಂದು ತಿಳಿಯುವ ತನಕ ನನ್ನ ಬ್ರಷ್ ಓಡುವುದೇ ಇಲ್ಲ. ನಮ್ಮ ಅಬ್ಬಾ, ಅಂದರೆ ಅಪ್ಪ, ಅಂಗಡಿಗಳ ಬೋರ್ಡು ಬರೆಯುತ್ತಿದ್ದರು. ಫ್ಲೆಕ್ಸ್ ಬಂದು ಅವರ ಕೆಲಸ ನುಂಗಿಹಾಕಿತು. ನಾನು ಮಗ್ಗದವರಿಂದ ದಪ್ಪ ಹತ್ತಿಬಟ್ಟೆ ತಂದು, ಕಟ್ಟಿಗೆಯ ಚೌಕಟ್ಟಿಗೆ ಬಿಗಿದು, ಬಿಳಿ ಬಣ್ಣ ಬಳಿದು, ಮೇಲೆ ಕೈಯಿಂದ ಅಕ್ಷರ ಬರೆಯುತ್ತೇನೆ. ‘ಸುಸ್ವಾಗತ’, ‘ನಮ್ಮ ಮನಿ’, ‘ಉಂಡು ಹೋಗ್ರಿ’. ಹೊಸ ಮನೆ ಕಟ್ಟಿದವರಿಗೆಲ್ಲ ಈಗ ಇದರ ಹುಚ್ಚು.

ಹೋದ ವೈಶಾಖದಲ್ಲಿ ಹಿರೇವಡ್ಡಟ್ಟಿಯ ಸಾವಿತ್ರೆವ್ವ ಬಂದರು. ಅರವತ್ತರ ಆಸುಪಾಸಿನ ಹೆಂಗಸು. ಬಂದವರೇ ಬಾಗಿಲ ಕಡೆ ಎರಡು ಸಲ ನೋಡಿ, ಸ್ಟೂಲ್ ಎಳೆದುಕೊಂಡು ಕೂತರು.

“ಸಬೀನಾ ಅಂದ್ರ ನೀನ ಏನವಾ? ನಾ ಹೇಳೂದನ್ನ ಬರಕೊಡಬೇಕು. ಯಾರ ಮುಂದೂ ಬಾಯಿ ಬಿಡಬಾರದು.”

“ಹೇಳ್ರಿ ಅವ್ವಾರ.”

ಅವರು ಸೆರಗು ಸರಿಮಾಡಿಕೊಂಡು, ಶಾಲೆಯಲ್ಲಿ ಪದ್ಯ ಒಪ್ಪಿಸುವವರ ಹಾಗೆ ಹೇಳಿದರು. “ಹೊಲದಾಗ ಬಿಳಿಜ್ವಾಳ, ಹಿತ್ತಲದಾಗ ಹೀರಿ. ಇವರ ಹೆಸರ ಹೇಳತೇನಿ, ಬಿಡ್ರಿ ನನ್ನ ದಾರಿ.”

ಒಡಪು! ಗಂಡನ ಹೆಸರನ್ನು ಬರಿಬಾಯಲ್ಲಿ ಹೇಳಬಾರದು ಎಂದು ಹೆಂಗಸರು ಪದ್ಯದಲ್ಲಿ ಸೇರಿಸಿ ಹೇಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆದರೆ ಒಡಪಿಗೆ ಚೌಕಟ್ಟು ಹಾಕಿಸಿದವರನ್ನು ನಾನು ಕಂಡಿರಲಿಲ್ಲ. ನನ್ನ ಚಟ ಸುಮ್ಮನಿರಲಿಲ್ಲ.

ಕೆದಕಿ ಕೆದಕಿ ಕೇಳಿದೆ. ಅವರು ಮದುವೆಯಾಗಿ ಬಂದ ದಿನ ನಾದಿನಿ ತಿಪ್ಪವ್ವ ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿ ಒಳಗೆ ಬಾ ಅಂದಿದ್ದಳಂತೆ. ನಾಚಿಕೆಗೋ ಹಟಕ್ಕೋ ಇವರ ಬಾಯಿ ತೆರೆಯಲೇ ಇಲ್ಲ. ನಾದಿನಿಯ ತೋಳಿನ ಕೆಳಗೆ ತೂರಿ ಒಳಗೆ ಓಡಿದ್ದರಂತೆ. ನೆರೆದವರು ನಕ್ಕರು. ಗಂಡ ಮಾತ್ರ ನಗಲಿಲ್ಲ.

“ನಲವತ್ತ ವರ್ಷ ಆತವಾ. ಏನ್ರಿ ಅಂತೀನಿ, ಸುನಿತಾನ ಅಪ್ಪಾರ ಅಂತೀನಿ. ಮೊನ್ನೆ ಉಣ್ಣಕೋಂತ ಅವರು ಏನಂದ್ರು ಗೊತ್ತೇನು? ನಾ ಸಾಯೂದರೊಳಗ ನನ್ನ ಹೆಸರ ನಿನ್ನ ಬಾಯಾಗ ಒಮ್ಮೆ ಕೇಳ್ತೇನೋ ಇಲ್ಲೋ ಅಂದ್ರು. ನಕ್ಕೋಂತ ಅಂದ್ರು. ನನಗ ಆ ತುತ್ತು ಇಳೀಲಿಲ್ಲ.”

ಬರುವ ಶುಕ್ರವಾರ ಹೊಸ ಮನೆಯ ಗೃಹಪ್ರವೇಶ. ತಿಪ್ಪವ್ವ ಮತ್ತೆ ಅಡ್ಡ ನಿಲ್ಲುವುದು ಖಾತ್ರಿ. ಬಾಯಿ ಈ ಸಲವೂ ಕೈಕೊಟ್ಟರೆ ಎಂಬ ಹೆದರಿಕೆಗೆ ಈ ಉಪಾಯ.

“ಆತು. ಹೆಸರೇನ್ರಿ ಅವರದು?”

ಸಾವಿತ್ರೆವ್ವ ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದರು. ಕಿವಿಯಲ್ಲಿ ಹೇಳಿ ಅಂದೆ, ಇಲ್ಲ. ಬರೆದು ತೋರಿಸಿ ಅಂದೆ, ಓದುಬರಹ ಬಾರದು. ಮಗಳಿಗೆ ಫೋನ್ ಹಚ್ಚಲೇ ಅಂದರೆ, “ಅಕಿಗೆ ತಿಳದ್ರ ಮೊದಲ ಅಪ್ಪನ ಕಿವಿಗೇ ಮುಟ್ಟಸತಾಳ” ಅಂದರು. ಕೊನೆಗೆ ಚೀಲದಿಂದ ಹಳೇ ಮನೆಯ ಕರೆಂಟ್ ಬಿಲ್ಲು ತೆಗೆದು ಮುಂದಿಟ್ಟರು.

“ಇದರಾಗ ಮನಿ ಯಜಮಾನರ ಹೆಸರು ಇರತೈತಿ. ನೋಡಿ ಹಾಕು. ಎಷ್ಟ ಕೇಳ್ತೀ ಮಾರಾಯ್ತಿ, ಪೊಲೀಸರೂ ಇಷ್ಟ ಕೇಳಾಂಗಿಲ್ಲ!”

ಆ ಮಾತು ನನಗೆ ತಾಗಿತು. ಮುಂದೆ ಒಂದೂ ಪ್ರಶ್ನೆ ಕೇಳದೆ ಬಿಲ್ಲಿನ ಹೆಸರು ಬರೆದುಕೊಂಡೆ, ಅಂದಾನಪ್ಪ.

ಮೂರು ದಿನ ಆ ಫಲಕದ ಹಿಂದೆಯೇ ಬಿದ್ದೆ. ಬಟ್ಟೆಯನ್ನು ಮೂಲೆಯಿಂದ ಎಳೆದರೆ ಸುಕ್ಕು ಬೀಳುತ್ತದೆ. ಹಾಗಾಗಿ ನಾಲ್ಕೂ ಬದಿಯ ನಡುವಿನಿಂದ ಶುರುಮಾಡಿ, ಬೆರಳಲ್ಲಿ ಬಾರಿಸಿದರೆ ಹಲಗೆವಾದ್ಯದ ಸದ್ದು ಬರುವಷ್ಟು ಬಿಗಿದೆ. ಒಡಪನ್ನು ಕಡುಗೆಂಪಿನಲ್ಲಿ ಬರೆದೆ, ಹೆಸರನ್ನು ಮಾತ್ರ ಬಂಗಾರದ ಬಣ್ಣದಲ್ಲಿ. ಒಯ್ದು ಕೊಡುವ ನೆಪದಲ್ಲಿ ಶುಕ್ರವಾರ ನಾನೇ ಬಸ್ಸು ಹತ್ತಿದೆ. ಮುಂದೇನಾಗುತ್ತದೆ ಎಂದು ನೋಡದೆ ಇರಲು ನನ್ನಿಂದಾಗುತ್ತಿರಲಿಲ್ಲ.

ಫಲಕವನ್ನು ತಲೆಬಾಗಿಲ ಪಕ್ಕದ ಗೋಡೆಗೆ ಹಾಕಿ, ಮೇಲೆ ಒಂದು ಹಸಿರು ಕುಪ್ಪಸದ ಖಣ ಇಳಿಬಿಟ್ಟೆವು. ಯಜಮಾನರು ಹಿತ್ತಲಲ್ಲಿ ಹುಗ್ಗಿಯ ಕೊಪ್ಪರಿಗೆ ಕಾಯುತ್ತಿದ್ದಾರೆ ಎಂದು ಯಾರೋ ಅಂದರು. ನಾನು ಅವರನ್ನು ನೋಡಲಿಲ್ಲ. ಸಾವಿತ್ರೆವ್ವ ನೀರಿನ ಕೊಡ ಹೊತ್ತು ಬಂದರು. ಎಣಿಸಿದಂತೆಯೇ ತಿಪ್ಪವ್ವ ಎರಡೂ ಕೈ ಚಾಚಿ ಬಾಗಿಲು ಅಡ್ಡಗಟ್ಟಿದಳು.

“ಹೆಸರ ಹೇಳಿ ಒಳಗ ಬಾ, ವೈನಿ. ಆವತ್ತ ನುಸುಳಿಕೊಂಡಿ. ಇವತ್ತ ಬಿಡಾಂಗಿಲ್ಲ.”

ಸಾವಿತ್ರೆವ್ವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ನನ್ನ ಕಡೆ ನೋಡಿದರು. ನಾನು ಖಣ ಸರಿಸಿ, ಎಲ್ಲರಿಗೂ ಕೇಳುವಂತೆ ಜೋರಾಗಿ ಓದಿದೆ.

“ಹೊಲದಾಗ ಬಿಳಿಜ್ವಾಳ, ಹಿತ್ತಲದಾಗ ಹೀರಿ. ಅಂದಾನಪ್ಪನವರ ಹೆಸರ ಹೇಳತೇನಿ, ಬಿಡ್ರಿ ನನ್ನ ದಾರಿ.”

ತಿಪ್ಪವ್ವ ಚಾಚಿದ ಕೈ ಇಳಿಸಿ, “ಅಯ್ಯ, ಅದು ನಮ್ಮ ಅಪ್ಪನ ಹೆಸರೈತಲ್ಲಬೇ! ಆಂವ ಸತ್ತ ಇಪ್ಪತ್ತ ವರ್ಷ ಆತು!” ಅಂದಳು.

ಆ ಕರೆಂಟ್ ಬಿಲ್ಲು ನೆನಪಾಯಿತು. ನಮ್ಮ ಮನೆಯ ಬಿಲ್ಲೂ ಇವತ್ತಿಗೂ ಅಜ್ಜನ ಹೆಸರಿಗೇ ಬರುತ್ತದೆ. ಮೀಟರಿನ ಹೆಸರು ಬದಲಿಸುವ ಉಸಾಬರಿಗೆ ನಮ್ಮಲ್ಲಿ ಯಾರು ಹೋಗುತ್ತಾರೆ? ಊರ ತುಂಬ ಸತ್ತವರ ಹೆಸರಿನಲ್ಲಿಯೇ ದೀಪಗಳು ಉರಿಯುತ್ತವೆ. ಹುಟ್ಟಿದಾಗಿನಿಂದ ಪ್ರಶ್ನೆ ಕೇಳಿದವಳು ನಾನು, ಕೇಳಲೇಬೇಕಾದ ಒಂದನ್ನು ಸಿಟ್ಟಿನಲ್ಲಿ ನುಂಗಿದ್ದೆ.

ಹೆಂಗಸರ ನಗು ಅಂಗಳ ತುಂಬಿತು. “ವೈನಿ ನಮ್ಮ ಅಪ್ಪನ್ನ ಮದವಿ ಆಗಿದ್ಲೇನ?” ಅಂದಳು ತಿಪ್ಪವ್ವ. ಸಾವಿತ್ರೆವ್ವನ ಮುಖ ಕೆಂಪೇರಿತು. ಕೊಡದ ನೀರು ತುಳುಕಿ ಸೆರಗು ತೊಯ್ದಿತು.

“ಅಲ್ಲ!” ಎಂದು ಚೀರಿದರು. “ಮುದಕಪ್ಪ! ನನ್ನ ಗಂಡನ ಹೆಸರು ಮುದಕಪ್ಪ!”

ಪದ್ಯವಿಲ್ಲ, ಪ್ರಾಸವಿಲ್ಲ, ಬರಿ ಹೆಸರು. ನಗು ನಿಂತೇಹೋಯಿತು.

ಹಿತ್ತಲ ಕಡೆಯಿಂದ ಮುದುಕರೊಬ್ಬರು ಸೌಟು ಹಿಡಿದೇ ಲಗುಬಗೆಯಿಂದ ಬಂದರು.

“ಯಾರ ಕರದ್ರಿ ನನ್ನ?”

ತಂಗಿಯ ಮುಖ ನೋಡಿದರು, ನೆರೆಯವರ ಮುಖ ನೋಡಿದರು, ಗುರುತಿಲ್ಲದ ನನ್ನ ಮುಖವನ್ನೂ ನೋಡಿದರು. ಹೆಂಡತಿಯ ಕಡೆ ಮಾತ್ರ ತಿರುಗಲಿಲ್ಲ. ಆ ದನಿಯಲ್ಲಿ ತಮ್ಮ ಹೆಸರನ್ನು ಒಮ್ಮೆಯೂ ಕೇಳದವರಿಗೆ ಗುರುತಾದರೂ ಹೇಗೆ ಸಿಗಬೇಕು? ನನಗೆ ಅಳು ಬಂತು.

ಸಾವಿತ್ರೆವ್ವ ಕೊಡ ಇಳಿಸಿದರು.

“ನಾನರಿ,” ಅಂದರು. “ನಾನ ಕರದೆ.”