ಓಸ್ಮೊ ಕೂಗಿದ ದಿನ

ಕೂಗುವುದಕ್ಕೂ ತರಬೇತಿ ಕೊಡುತ್ತಾರೆ ಎಂದರೆ ಬೇರೆ ಊರಿನವರು ನಕ್ಕುಬಿಟ್ಟಾರು. ನಮ್ಮ ಕಾಯಾನಿಯ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಸುರಕ್ಷತೆಯ ಉಸ್ತುವಾರಿ ಹೊತ್ತ ಹಿಲ್ಕ ಪ್ರತಿ ವರ್ಷ ಹಿಮ ಕರಗುವ ಮುಂಚೆ ನಮ್ಮ ಪ್ರಯೋಗಾಲಯಕ್ಕೆ ಬರುತ್ತಾಳೆ. ಬೆಂಕಿ ಹತ್ತಿದರೆ ಯಾವ ಬಾಗಿಲು, ಕಣ್ಣಿಗೆ ಏನಾದರೂ ಸಿಡಿದರೆ ಎಲ್ಲಿಗೆ ಓಡಬೇಕು ಎಂದು ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತಾಳೆ. ಮೈಮೇಲೆ ಆಮ್ಲ ಬಿದ್ದರೆ ಬಟ್ಟೆ ಕಿತ್ತೆಸೆದು ಷವರಿನ ಕೆಳಗೆ ನಿಲ್ಲಬೇಕು. ಅದಕ್ಕೆ ನಮ್ಮಲ್ಲಿ ಯಾರಿಗೂ ಸಂಕೋಚವಿಲ್ಲ. ಹುಟ್ಟಿದಾಗಿನಿಂದ ಸೌನಾದ ಬಿಸಿಹಬೆಯಲ್ಲಿ ಬರಿಮೈಯಲ್ಲಿ ಕೂತು ಬೆವರಿದವರು ನಾವು. ಆದರೆ ‘ಕಾಪಾಡಿ’ ಎಂದು ಗಟ್ಟಿಯಾಗಿ ಕೂಗಿ ಎಂದರೆ ಸಾಕು, ಇಡೀ ಫಿನ್‌ಲ್ಯಾಂಡಿನ ಗಂಟಲೇ ಕಟ್ಟಿಹೋಗುತ್ತದೆ.

ಅದರಲ್ಲೂ ಓಸ್ಮೊನದು. ಅವನೂ ನಾನೂ ಒಂದೇ ಮೇಜಿನ ಆಚೆ ಈಚೆ ಕೆಲಸ ಮಾಡುವವರು. ಶಸ್ತ್ರಚಿಕಿತ್ಸೆಯ ಕೋಣೆಯಿಂದ ಬರುವ ಮಾಂಸದ, ಮೂಳೆಯ ಚೂರುಗಳನ್ನು ಕಾಗದಕ್ಕಿಂತ ತೆಳ್ಳಗೆ ಕೊಯ್ದು, ಬಣ್ಣ ಹಾಕಿ, ಗಾಜಿನ ಮೇಲಿಟ್ಟು ಡಾಕ್ಟರ ಸೂಕ್ಷ್ಮದರ್ಶಕಕ್ಕೆ ಕಳಿಸುವುದು ನಮ್ಮ ಕೆಲಸ. ಓಸ್ಮೊ ಬೆಳಗ್ಗೆ ಬಂದಾಗ ಒಮ್ಮೆ ತಲೆಯಾಡಿಸುತ್ತಾನೆ, ಸಂಜೆ ಹೋಗುವಾಗ ಒಮ್ಮೆ. ನಡುವೆ ಅವನ ಪಾಲಿನದನ್ನೂ ಸೇರಿಸಿ ನಾನೇ ಮಾತಾಡಬೇಕು. ನಮ್ಮ ಕಡೆ ಎದುರಿಗಿರುವವರನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ನಿಜ. ಆದರೂ ಇಷ್ಟು ವರ್ಷಗಳಲ್ಲಿ ಒಂದು ಸಲವಾದರೂ ನನ್ನನ್ನು ‘ಇರ್ಮೆಲಿ’ ಎನ್ನಬಾರದೇ? ನನಗೆ ಅದೊಂದು ಸಿಟ್ಟು ಒಳಗೇ ಇತ್ತು.

ಈ ಸಲದ ತರಬೇತಿಯಲ್ಲಿ ಹಿಲ್ಕ ನಮ್ಮನ್ನು ಕಾರಿಡಾರಿನಲ್ಲಿ ಸಾಲಾಗಿ ನಿಲ್ಲಿಸಿದಳು. ನಾನು ಕೂಗಿದ್ದಕ್ಕೆ ಪಕ್ಕದ ವಿಭಾಗದ ನರ್ಸ್ ಇಣುಕಿ ನೋಡಿ ಹೋದಳು. ಆಮೇಲೆ ಓಸ್ಮೊನ ಸರದಿ. ಅವನು ನೆಲ ನೋಡುತ್ತಾ, ಊಟದ ಮೇಜಿನಲ್ಲಿ ಉಪ್ಪು ಕೇಳುವ ಹಾಗೆ, “ಕಾಪಾಡಿ” ಎಂದ.

“ಇನ್ನೂ ಗಟ್ಟಿಯಾಗಿ,” ಎಂದಳು ಹಿಲ್ಕ.

“ಗಟ್ಟಿಯಾಗಿ ಕೂಗಿದ್ರೆ ಜನ ಬರ್ತಾರೆ.”

“ಅಯ್ಯೋ ಪುಣ್ಯಾತ್ಮ, ಬರ್ಲಿ ಅಂತಾನೇ ಕಣಯ್ಯಾ ಕೂಗೋದು!”

ಎಲ್ಲರೂ ನಕ್ಕೆವು. ನಾನಂತೂ ಬಿಡಲಿಲ್ಲ. “ಇವನು ಕೆರೆಗೆ ಬಿದ್ರೆ ಮೀನಿಗೂ ಗೊತ್ತಾಗಲ್ಲ,” ಎಂದೆ. ಓಸ್ಮೊನ ಕಿವಿ ಕೆಂಪಾಯಿತು. ಹಿಲ್ಕ ಮಾತ್ರ ನಗಲಿಲ್ಲ.

“ತಮಾಷೆ ಸಾಕು. ಕಣ್ಣಿಗೆ ಆಮ್ಲ ಬಿತ್ತು ಅಂದ್ರೆ ರೆಪ್ಪೆ ತಾನಾಗೇ ಮುಚ್ಕೊಂಡ್‌ಬಿಡುತ್ತೆ. ಒಬ್ರೇ ಇದ್ರೆ ತೆರೆದಿಟ್ಟು ತೊಳೆಯೋಕಾಗಲ್ಲ. ಇನ್ನೊಬ್ರು ಬಂದು ಬಿಡಿಸಿ ಹಿಡೀಬೇಕು, ಅವರನ್ನ ಮಾತಾಡಿಸ್ತಾ ಇರ್ಬೇಕು. ಅದಕ್ಕೇ ಮೊದಲು ಕೂಗು, ಆಮೇಲೆ ನೀರು. ತಿಳೀತಾ?”

ತಿಳಿಯಿತು ಎಂದು ಎಲ್ಲರಿಗಿಂತ ಮೊದಲು ತಲೆಯಾಡಿಸಿದವಳು ನಾನೇ.

ಅದಾಗಿ ವಾರ ಕಳೆದಿರಬಹುದು. ಮಧ್ಯಾಹ್ನದ ಕಾಫಿಯ ಹೊತ್ತು. ಕಿಟಕಿಯಾಚೆ ಒಳ್ಳೆಯ ಬಿಸಿಲು, ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಉಳಿದವರೆಲ್ಲ ಕಾರಿಡಾರಿನ ಆ ಕೊನೆಯ ಕಾಫಿ ಕೋಣೆಗೆ ಹೋಗಿದ್ದರು. ನನಗೆ ಒಂದು ಮೂಳೆಯ ಚೂರನ್ನು ಆಮ್ಲದಲ್ಲಿ ನೆನೆಹಾಕುವುದು ಬಾಕಿಯಿತ್ತು. ಮೂಳೆ ಮೆದುವಾಗದೆ ಕೊಯ್ಯಲು ಬರುವುದಿಲ್ಲ. ಅದಕ್ಕೆ ಬಳಸುವ ಫಾರ್ಮಿಕ್ ಆಮ್ಲವನ್ನು ನಮ್ಮಲ್ಲಿ ಇರುವೆ ಆಮ್ಲ ಎನ್ನುತ್ತೇವೆ. ದನದ ಮೇವು ಕೆಡದಿರಲಿ ಎಂದು ಅಪ್ಪ ಹುಲ್ಲಿಗೆ ಹಾಕುತ್ತಿದ್ದದ್ದೂ ಅದನ್ನೇ. ಚಿಕ್ಕಂದಿನಿಂದ ನೋಡಿದ ಸಲಿಗೆ ಬೇರೆ. ಬಹಳ ದಿನ ಮುಚ್ಚಿಟ್ಟ ಬಾಟಲಿಯಲ್ಲಿ ಗಾಳಿ ಕಟ್ಟಿಕೊಂಡಿರುತ್ತದೆ, ಮೆಲ್ಲಗೆ ತಿರುಗಿಸಬೇಕು ಎಂದು ಗೊತ್ತಿದ್ದೂ ಅವಸರಕ್ಕೆ ಒಮ್ಮೆಲೇ ತಿರುಗಿಸಿದೆ. ಆವಿ ಹಿಡಿದಿದ್ದ ರಕ್ಷಣೆಯ ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದೆ. ಬಾಟಲಿ ಬುಸ್ಸೆಂದಿತು. ಎಡಗಣ್ಣಿಗೆ ಕೆಂಡ ಬಿದ್ದಂತಾಯಿತು.

ಆಗ ಏನು ಮಾಡಿದೆ? ಕಾರಿಡಾರು ನಡುಗುವಂತೆ ಕೂಗಿದ್ದ ಈ ಇರ್ಮೆಲಿ ಬಾಯಿಯನ್ನೇ ತೆರೆಯಲಿಲ್ಲ. ಪಾಪ, ಎಲ್ಲರೂ ಕಾಫಿ ಕುಡಿಯುತ್ತಿದ್ದಾರೆ, ಯಾಕೆ ಎಬ್ಬಿಸುವುದು, ತೊಳೆದುಕೊಂಡು ನಾನೂ ಹೋದರಾಯಿತು ಎಂದುಕೊಂಡೆ. ಕಣ್ಣು ಉರಿದು ಹೋಗುತ್ತಿರುವಾಗ ಬಂದ ಯೋಚನೆ ಅದು. ನೆನೆದರೆ ಈಗಲೂ ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕೆನಿಸುತ್ತದೆ.

ಬಾಗಿಲ ಬಳಿ ಕಣ್ಣು ತೊಳೆಯಲೆಂದೇ ಎರಡು ಧಾರೆ ಚಿಮ್ಮುವ ನಲ್ಲಿಯಿದೆ. ಎರಡೂ ಕಣ್ಣು ಮುಚ್ಚಿಹೋಗಿದ್ದರಿಂದ ಅದು ಸಿಗಲಿಲ್ಲ. ಗೋಡೆ ತಡವುತ್ತಾ ಪಾತ್ರೆ ತೊಳೆಯುವ ತೊಟ್ಟಿಗೆ ಹೋಗಿ ಮುಖಕ್ಕೆ ನೀರೆರಚಿಕೊಂಡೆ. ನೀರು ಕೆನ್ನೆಗೆ ಬಿತ್ತು, ಹಣೆಗೆ ಬಿತ್ತು, ಕಣ್ಣೊಳಗೆ ಮಾತ್ರ ಇಳಿಯಲಿಲ್ಲ. ಬೆರಳಿನಿಂದ ರೆಪ್ಪೆ ಬಿಡಿಸಲು ಹೋದರೆ ಅದು ಇನ್ನಷ್ಟು ಬಿಗಿಯಿತು. ಆಗ ಹೆದರಿದೆ, ಚೆನ್ನಾಗಿ ಹೆದರಿದೆ. ನೋಡುವುದೇ ನನ್ನ ಕೆಲಸ. ಕಣ್ಣು ಹೋದರೆ ಈ ಮೇಜಿನ ಮುಂದೆ ನಾನು ಯಾರು? ಈಗಲಾದರೂ ಕೂಗಬೇಕೆಂದರೆ ಗಂಟಲಿನಿಂದ ಬರಿಯ ಉಸಿರು ಹೊರಟಿತು.

ಹಿಂದೆ ಬಾಗಿಲು ತೆರೆದ ಸದ್ದಾಯಿತು.

“ಏನಾಯ್ತು?” ಓಸ್ಮೊನ ದನಿ.

“ಏನಿಲ್ಲ. ಸ್ವಲ್ಪ ಬಿತ್ತು. ನೀನು ಹೋಗು, ಕಾಫಿ ಆರುತ್ತೆ.”

ಅವನು ನನ್ನ ಭುಜ ಹಿಡಿದು ತಿರುಗಿಸಿದ. ಮರುಕ್ಷಣ ನನ್ನ ಕಿವಿಯ ಪಕ್ಕದಲ್ಲೇ ಗುಡುಗು ಹೊಡೆದಂತಾಯಿತು.

“ಬನ್ನಿ! ಯಾರಾದ್ರೂ ಬೇಗ ಬನ್ನಿ! ಇರ್ಮೆಲಿ ಕಣ್ಣಿಗೆ ಆಮ್ಲ ಬಿದ್ದಿದೆ! ಇರ್ಮೆಲಿ ಕಣ್ಣಿಗೆ!”

ಮೇಲಿನ ಮಹಡಿಯ ಹೆರಿಗೆ ವಾರ್ಡಿನವರೆಗೂ ಕೇಳಿಸಿತಂತೆ. ಓಡಿಬರುವ ಕಾಲುಗಳ ಸದ್ದು ಕೇಳುವಷ್ಟರಲ್ಲಿ ಓಸ್ಮೊ ನನ್ನನ್ನು ಬಾಗಿಲ ಬಳಿಯ ನಲ್ಲಿಗೆ ಬಗ್ಗಿಸಿ, ಎರಡು ಬೆರಳಲ್ಲಿ ರೆಪ್ಪೆಗಳನ್ನು ಬಿಡಿಸಿ ಹಿಡಿದಿದ್ದ. ನೀರು ನೇರ ಕಣ್ಣಿಗೇ ನುಗ್ಗಿತು. ನಾನು ಒದ್ದಾಡಿದೆ, ಬೈದೆ. ಅವನು ಬಿಡಲಿಲ್ಲ.

“ಸಾಕು ಬಿಡೋ!”

“ಸಾಕಾಗಿಲ್ಲ. ಕಾಲು ಗಂಟೆ ಆಗ್ಬೇಕು. ಗಡಿಯಾರ ನಾನು ನೋಡ್ತಾ ಇದೀನಿ, ನೀನು ಮೇಲೆ ನೋಡು. ಹಾಂ, ಈಗ ಕೆಳಗೆ. ಮಾತಾಡಿಸ್ತಾ ಇರ್ಬೇಕಂತೆ, ಹಿಲ್ಕ ಹೇಳಿದ್ದಾಳೆ. ಭಾನುವಾರ ಕೆರೆ ಮೇಲಿನ ಮಂಜುಗಡ್ಡೆ ಕೊರೆದು ಬಲೆ ಬಿಟ್ಟಿದ್ದೆ. ಒಂದೇ ಒಂದು ಮೀನು ಸಿಕ್ತು. ಅದನ್ನೂ ಪಕ್ಕದ ಮನೆ ಬೆಕ್ಕು ಹೊತ್ಕೊಂಡು ಹೋಯ್ತು. ಅದರ ಮುಖ ನೋಡ್ಬೇಕಿತ್ತು ನೀನು...”

ಬೆಕ್ಕಿನ ಕಥೆ ಮುಗಿದು ಅವನ ತಂಗಿಯ ಆಲೂಗಡ್ಡೆ ಬೆಳೆಗೆ ಬಂತು, ಅಲ್ಲಿಂದ ದೋಣಿಗೆ ಬಳಿಯಬೇಕಾದ ಬಣ್ಣಕ್ಕೆ. ಅಷ್ಟು ವರ್ಷ ಆಡದೆ ಇಟ್ಟಿದ್ದನ್ನೆಲ್ಲ ಆ ಕಾಲು ಗಂಟೆಯಲ್ಲಿ ಖರ್ಚು ಮಾಡಿದ.

ಆಮೇಲೆ ಕಣ್ಣಿನ ಡಾಕ್ಟರು ದೀಪ ಹಾಕಿ ಬಹಳ ಹೊತ್ತು ನೋಡಿದರು. “ಇನ್ನು ಸ್ವಲ್ಪ ತಡವಾಗಿದ್ರೂ ಮಂಜಾಗಿಬಿಡ್ತಿತ್ತು. ಉಳೀತು. ತೊಳೆದವರು ಯಾರು?” ಎಂದು ಕೇಳಿದರು. ಬಾಗಿಲಲ್ಲಿ ನಿಂತಿದ್ದ ಓಸ್ಮೊ ನೆಲ ನೋಡಿದ.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೊರಗೆ ಬಂದಾಗ ಅವನನ್ನು ಕೇಳಿದೆ, “ಕಾಫಿ ಬಿಟ್ಟು ಯಾಕೋ ಬಂದೆ? ನಾನು ಕೂಗಲಿಲ್ಲವಲ್ಲ.”

“ನೀನಿಲ್ದೆ ಕಾಫಿ ಕೋಣೆ ತುಂಬಾ ಶಾಂತವಾಗಿತ್ತು,” ಎಂದ. “ಹಿಡಿಸಲಿಲ್ಲ.”

ಮರುದಿನದಿಂದ ಮತ್ತೆ ಅದೇ ಓಸ್ಮೊ. ಬೆಳಗ್ಗೆ ಒಮ್ಮೆ ತಲೆಯಾಡಿಸುವುದು, ಸಂಜೆ ಒಮ್ಮೆ. ಆದರೆ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಪಟ್ಟಿ ಬಿಚ್ಚಿದ ಮೇಲೆ ಹಿಲ್ಕ ಇನ್ನೊಮ್ಮೆ ತರಬೇತಿಗೆ ಕರೆದಳು, ನನ್ನ ದೆಸೆಯಿಂದಲೇ. ಎಲ್ಲರೂ ಕಾರಿಡಾರಿನಲ್ಲಿ ಸಾಲಾಗಿ ನಿಂತೆವು. “ಮೊದಲು ಇರ್ಮೆಲಿ,” ಎಂದಳು, ಕಣ್ಣು ಕೆಕ್ಕರಿಸಿ. ನಾನು ಎದೆ ತುಂಬ ಉಸಿರು ಎಳೆದುಕೊಂಡು ಕೂಗಿದೆ:

“ಓಸ್ಮೊ!”

“ಹೆಸರಲ್ಲ ಕಣೇ, ಕಾಪಾಡಿ ಅನ್ಬೇಕು,” ಎಂದಳು ಹಿಲ್ಕ. “ಓಸ್ಮೊ ಅವತ್ತು ರಜೆ ಹಾಕಿದ್ರೆ ಏನ್ ಮಾಡ್ತೀಯ?”

ಸಾಲಿನ ಕೊನೆಯಿಂದ, ನೆಲ ನೋಡುತ್ತಲೇ, ಉಪ್ಪು ಕೇಳುವ ಹಾಗೆ ಅವನು ಹೇಳಿದ.

“ಬರ್ತೀನಿ.”